ನಾಲ್ಕನೆಯ ತತ್ತಿ

ಶನಿವಾರ ಬೆಳಿಗ್ಗೆ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಮಸೂತಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೂ ಕೌಸರಳಿಗೆ ತಾನು ನಿಜವಾಗಿ ಮಸೂತಿಗೆ ಹೋಗುತ್ತಿದ್ದೇನೆಯೋ, ಹೋದಂತೆ ಮಾಡಿ ನಡುವೆ ಎಲ್ಲಾದರೂ ಇಳಿದು ವಾಪಸು ಬರುತ್ತೇನೆಯೋ ತಿಳಿದಿರಲಿಲ್ಲ. ಮನೆಯಲ್ಲಿ ಅಮ್ಮಿಗೆ ಹೇಳಿ ಬಂದದ್ದು, ಹೊಲದ ಕಾಕಾಗೆ ವರದಿ ತೋರಿಸಿ ಬರ್ತೇನಿ ಅಂತ. ಅದು ಸುಳ್ಳೇನಲ್ಲ. ತೊಡೆಯ ಮೇಲಿನ ಚೀಲದಲ್ಲಿ ಝೆರಾಕ್ಸ್ ಅಂಗಡಿಯವನು ನೀಲಿ ರಟ್ಟು ಹಾಕಿ ಕೊಟ್ಟ ಮೂವತ್ತೆಂಟು ಪುಟ ಇತ್ತು. ಸೋಮವಾರ ಅದನ್ನು ವಿಶ್ವವಿದ್ಯಾಲಯದಲ್ಲಿ ವಿಜಯಲಕ್ಷ್ಮಿ ಮೇಡಂ ಅವರ ಮೇಜಿನ ಮೇಲೆ ಇಡಬೇಕು. ಏಪ್ರಿಲ್, ಮೇ ಎರಡು ತಿಂಗಳು ಬಿಸಿಲಲ್ಲಿ ಕೂತು ಎಣಿಸಿದ್ದು, ಅಳೆದದ್ದು, ಬರೆದದ್ದು ಎಲ್ಲ ಅದರಲ್ಲಿತ್ತು. ಹದಿನೇಳನೆಯ ಪುಟದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಎರಡನೆಯ ಗೂಡಿನಲ್ಲಿ ಒಂದು ಮೊಟ್ಟೆ ಕಾಣೆಯಾಗಿದೆ, ಯಾವುದೋ ಪ್ರಾಣಿ ತಿಂದಿರುವ ಸಾಧ್ಯತೆ ಇದೆ. ಇಂಗ್ಲಿಷಿನಲ್ಲಿ ಓದಿದಾಗ ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಕಾಣೆಯಾಗಿದೆ, ಅಷ್ಟೇ. ನಿನ್ನೆ ಪುಟಗಳು ಒಂದೊಂದಾಗಿ ಮಷೀನಿನಿಂದ ಬಿಸಿಬಿಸಿಯಾಗಿ ಹೊರಬರುತ್ತಿದ್ದಾಗ ಹದಿನೇಳನೆಯದನ್ನು ಅಂಗಡಿಯವನು ಸುಮ್ಮನೆ ಎತ್ತಿ ನೋಡಿ, ಹೊಳ್ಳಿ ಇಟ್ಟಿದ್ದ. ಶಾಯಿ ಸರಿಯಾಗಿ ಬಿದ್ದಿದೆಯೋ ಅಂತ ನೋಡಿದ್ದಿರಬೇಕು. ಅವಳ ಕಿವಿ ಮಾತ್ರ ಕಾದು ಕೆಂಪಾಗಿತ್ತು.

ಟಿಟ್ಟಿಭ ಅಂತ ಪುಸ್ತಕದಲ್ಲಿ ಇರುವುದನ್ನು ಈ ಕಡೆ ಎಲ್ಲರೂ ಟಿಟ್ವಿ ಅನ್ನುತ್ತಾರೆ. ಹೊಲದಲ್ಲಿ ಮನುಷ್ಯರ ಸುಳಿವು ಕಂಡರೆ ಸಾಕು, ಒದರಿ ಒದರಿ ಊರಿಗೇ ಸುದ್ದಿ ಮುಟ್ಟಿಸುವ ಹಕ್ಕಿ. ಮರ ಹತ್ತುವುದಿಲ್ಲ, ಗೂಡು ಹೆಣೆಯುವುದಿಲ್ಲ, ಬೋಳು ನೆಲದ ಮೇಲೆ ನಾಲ್ಕು ಹರಳು ಸರಿಸಿ ನಾಲ್ಕು ತತ್ತಿ ಇಡುತ್ತದೆ, ಅದೂ ಎರೆ ಭೂಮಿ ಕಾದ ಹಂಚಾಗುವ ಬೇಸಿಗೆಯಲ್ಲಿ. ಅಬ್ಬಾ ಯಾಕೂಬಸಾಬನದು ಮೋಟಾರ ವೈಂಡಿಂಗ್ ಅಂಗಡಿ. ಬಾವಿಯ, ಬೋರಿನ ಮೋಟಾರು ಸುಟ್ಟರೆ ರೈತರು ಕರೆಯುತ್ತಾರೆ, ಅವನು ಹೋಗಿ ಬಿಚ್ಚಿಕೊಂಡು ಬರುತ್ತಾನೆ. ಸಾಲಿ ರಜೆಯಲ್ಲಿ ಅವನ ಗಾಡಿಯ ಹಿಂದೆ ಕೂತು ಹೊಲ ಹೊಲ ತಿರುಗಿದ ಕೌಸರ ಒಂದು ಸಲ ಕಂಡಿದ್ದಳು: ಹಕ್ಕಿ ಹೊಂಡಕ್ಕೆ ಹೋಗಿ, ಕಾಲು ಮಡಚಿ ನೀರಲ್ಲಿ ಕೂತು, ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿಗಳ ಮೇಲೆ ನಿಂತಿತು. ತತ್ತಿ ಬೇಯಬಾರದಲ್ಲ, ಅದಕ್ಕೆ, ಅಂದಿದ್ದ ಅಬ್ಬಾ ಸ್ಪ್ಯಾನರ್ ಹುಡುಕುತ್ತ. ಎಂ.ಎಸ್ಸಿ. ಮೊದಲ ವರ್ಷದ ತರಗತಿಯಲ್ಲಿ, ಬೇಸಿಗೆಯಲ್ಲಿ ತಮ್ಮ ತಮ್ಮ ಊರಲ್ಲೇ ಸಂಶೋಧನೆ ಮಾಡುವುದಾದರೆ ಏನು ಮಾಡುತ್ತೀರಿ ಅಂತ ಮೇಡಂ ಕೇಳಿದಾಗ ಅವಳು ಎದ್ದು ನಿಂತು, "ನಮ್ಮ ಕಡೆ ಟಿಟ್ವಿ ಹೊಟ್ಟಿ ತೋಯಿಸ್ಕೊಂಡು ಬರ್ತೈತ್ರಿ" ಅಂದುಬಿಟ್ಟಿದ್ದಳು. ತರಗತಿ ನಕ್ಕಿತು. ಹಕ್ಕಿಗಲ್ಲ, ಹೊಟ್ಟಿ ಅನ್ನುವ ಮಾತಿಗೆ. ಮೇಡಂ ನಗಲಿಲ್ಲ. "ದಿನಕ್ಕೆ ಎಷ್ಟು ಸಲ?" ಅಂದರು. ಗೊತ್ತಿಲ್ರಿ ಅಂದಳು. "ಹಾಗಾದರೆ ಎಣಿಸು." ಆ ಒಂದು ಮಾತಿನ ಮೇಲೆ ಅವಳು ಬೇಸಿಗೆ ಪೂರ್ತಿ ನಡೆದಳು. ಯಾರಾದರೂ ತನ್ನ ಮಾತನ್ನು ನಗದೆ ಕೇಳಿ, ಅದಕ್ಕೊಂದು ಪ್ರಶ್ನೆ ಹಚ್ಚಿ ವಾಪಸು ಕೊಟ್ಟದ್ದು ಅದೇ ಮೊದಲು. ಅವರ ಮುಂದೆ ಸಣ್ಣವಳಾಗಬಾರದು ಅನ್ನುವ ಹಟವೇ ಕೊನೆಗೆ ಎಲ್ಲ ಕೆಡಿಸಿತೇನೋ ಅಂತ ಈಗ ಅನ್ನಿಸುತ್ತದೆ.

ಮಸೂತಿಯ ಬಸಂತರಾಯ ಅಬ್ಬಾನ ಹಳೆಯ ಗಿರಾಕಿ. ಅವನ ಹೊಲದಲ್ಲಿ ಬೀಳು ಬಿಟ್ಟ ಎರಡೆಕರೆ, ಮಗ್ಗುಲಿಗೆ ಕೃಷಿ ಹೊಂಡ, ಹೊಂಡದ ಈಚೆ ಆಚೆ ಸೇರಿ ಮೂರು ಗೂಡು. ಅವನು ಟ್ರ್ಯಾಕ್ಟರಿನವನಿಗೆ ರಂಟಿ ಹೊಡೆದು ಉಳುವುದನ್ನು ಮುಂದಕ್ಕೆ ಹಾಕು ಅಂತ ಹೇಳಿ, ಗೂಡಿನಿಂದ ಹತ್ತು ಮಾರು ದೂರ ಸುತ್ತಲೂ ಗೂಟ ಬಡಿದ. "ನಿನ್ನ ಸಾಲಿ ಕೆಲಸ ಕೆಡಬಾರ್ದು" ಅಂದ. ಅವನ ಪಾಲಿಗೆ ವಿಶ್ವವಿದ್ಯಾಲಯವೂ ಸಾಲಿಯೇ. ಕೌಸರ ಬೆಳಿಗ್ಗೆ ಏಳಕ್ಕೆ ಬಂದು ಬೇವಿನ ಗಿಡದ ಕೆಳಗೆ ದುರ್ಬೀನು ಹಿಡಿದು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಹಕ್ಕಿ ಎದ್ದ ಹೊತ್ತು, ನೀರಿಗೆ ಇಳಿದ ಹೊತ್ತು, ಬಂದು ಕೂತ ಹೊತ್ತು. ಹೆಣ್ಣು ಗಂಡು ಎರಡೂ ಪಾಳಿ ಹಚ್ಚಿ ಕೂರುತ್ತವೆ ಅಂತ ತಿಳಿಯುವುದಕ್ಕೇ ನಾಲ್ಕು ದಿನ ಬೇಕಾಯಿತು. ಸುತ್ತ ಎಲ್ಲೂ ಮರೆ ಇಲ್ಲದ ಹೊಲದಲ್ಲಿ, ಬಯಲಿಗೆ ಹೋಗಬೇಕಾದೀತು ಅನ್ನುವ ಹೆದರಿಕೆಗೆ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಹಕ್ಕಿ ನೀರಿಗೆ ಹೋದದ್ದನ್ನು ಒಣಗಿದ ಬಾಯಿಂದ ಎಣಿಸುತ್ತಿದ್ದಳು. ಅದನ್ನು ಮೊದಲು ಗುರುತಿಸಿದವಳು ಬಸಂತರಾಯನ ಹೆಂಡತಿ ಸಿದ್ದವ್ವ. ಏನನ್ನೂ ಕೇಳದೆ, ದನದ ಕೊಟ್ಟಿಗೆಯ ಹಿಂದೆ ಎರಡು ಹಳೆಯ ಸೀರೆ ಕಟ್ಟಿ, ಒಂದು ಕೊಡ ನೀರಿಟ್ಟು, "ಇನ್ನ ಕುಡಿ" ಅಂತ ತಂಬಿಗೆ ಮಜ್ಜಿಗೆ ಕೈಗೆ ಕೊಟ್ಟಳು. ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿಯ ಅಂಚು ಲಾಲ್ಯಾನಿಗೆ. ಲಾಲ್ಯಾ ಅವರ ನಾಯಿ, ಇಟ್ಟಂಗಿ ಬಣ್ಣದ್ದು, ಒಂದು ಕಿವಿ ಮಡಚಿದ್ದು. ಗೂಟದ ಸಾಲಿನ ಒಳಗೆ ಹೋಗಬಾರದು ಅಂತ ಬಸಂತರಾಯ ಎರಡು ಸಲ ಗದರಿಸಿದ ಮೇಲೆ ಅದು ಮತ್ತೆ ಹೋದದ್ದನ್ನು ಅವಳು ಕಂಡಿರಲಿಲ್ಲ. ಅವಳ ಕಾಲ ಹತ್ತಿರ ಮಲಗಿ, ಹಕ್ಕಿ ಒದರಿದಾಗ ಒಂದು ಕಣ್ಣು ತೆರೆದು ಮುಚ್ಚುತ್ತಿತ್ತು.

ಬಸ್ಸು ಒಂದು ಊರಿನಲ್ಲಿ ನಿಂತಿತು. ಇಳಿಯುವುದಾದರೆ ಇಲ್ಲಿ ಇಳಿಯಬಹುದು ಅಂದುಕೊಂಡಳು. ಇಳಿಯಲಿಲ್ಲ. ಕಿಟಕಿಯ ಹೊರಗೆ ಎರಡೆಲೆ ಬಿಟ್ಟ ತೊಗರಿಯ ಸಾಲು ಹಿಂದಕ್ಕೆ ಓಡಿದವು.

ಮೇ ಹದಿಮೂರು. ಎರಡನೆಯ ಗೂಡಿನ ಬಿಸಿ ಬರೆದುಕೊಳ್ಳುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿಯೊಂದಿತ್ತು. ಅದರ ತಂತಿಯ ತುದಿ ತತ್ತಿಗಳ ನಡುವೆ. ದಿನವೂ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೋಗಿ ಸೆಲ್ ಬದಲಿಸಿ ಚಾಲೂ ಮಾಡಬೇಕು, ಎರಡು ನಿಮಿಷದೊಳಗೆ ಹೊರಬರಬೇಕು, ಹನ್ನೊಂದರಿಂದ ನಾಲ್ಕರವರೆಗೆ ಏನೇ ಆದರೂ ಗೂಡಿನ ಹತ್ತಿರ ಸುಳಿಯಬಾರದು. ಇದು ಮೇಡಂ ಹಾಕಿದ ನೇಮ. ಆ ದಿನ ಬೆಳಿಗ್ಗೆ ಅವಳು ಸೆಲ್ ಬದಲಿಸಲು ಮರೆತಿದ್ದಳು. ಕಾರಣವೇ ಇಲ್ಲ, ಸುಮ್ಮನೆ ಮರೆತಿದ್ದಳು. ಹನ್ನೆರಡಕ್ಕೆ ಮೇಡಂ ಫೋನು ಮಾಡಿ, ಇವತ್ತು ಈ ಬೇಸಿಗೆಯ ಅತಿ ಹೆಚ್ಚು ಬಿಸಿಲಂತೆ, ಇವತ್ತಿನ ಅಂಕಿ ಮುಖ್ಯ, ಡಬ್ಬಿ ನಡೆಯುತ್ತಿದೆ ತಾನೆ ಅಂದರು. ನಡದೈತ್ರಿ ಮೇಡಂ ಅಂದಳು. ಫೋನು ಇಟ್ಟ ಮೇಲೆ ಆ ಮಾತನ್ನು ನಿಜ ಮಾಡುವುದೊಂದೇ ದಾರಿ ಅನ್ನಿಸಿತು. ಬಿಸಿಲಲ್ಲಿ ಓಡಿದಳು. ಹಕ್ಕಿ ಎದ್ದು ತಲೆಯ ಮೇಲೆ ಎರಗಿ ಎರಗಿ ಒದರುತ್ತಿತ್ತು. ಮುಟ್ಟಿದರೆ ಡಬ್ಬಿ ಕೆಂಡದ ಹಾಗಿತ್ತು, ಕೈ ಬೆವರಿತ್ತು, ಅವಸರ ಇತ್ತು. ಡಬ್ಬಿ ಜಾರಿ ಅದರ ಮೂಲೆ ಒಂದು ತತ್ತಿಯ ಮೇಲೆ ಬಿತ್ತು. ಸಪ್ಪಳವೇ ಆಗಲಿಲ್ಲ. ಒಳಗೆ ಮರಿ ಇತ್ತು, ಪೂರ್ತಿ ಆದ ಮರಿ, ತೊಯ್ದ ಪುಕ್ಕ, ಮಡಚಿದ ಕಾಲು, ಮುಚ್ಚಿದ ಕಣ್ಣು. ಒಂದು ಸಲ ಕಾಲು ಚಾಚಿತು. ಆಮೇಲೆ ಇಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಗೂಟದಾಚೆ ಎರೆ ಮಣ್ಣಿನ ಬಿರುಕೊಂದರಲ್ಲಿ ಇಟ್ಟು, ಮೇಲೆ ಮಣ್ಣು ಎಳೆದಳು. ಎಳೆಯುವಾಗ ಅಳಲಿಲ್ಲ. ಯಾರಾದರೂ ನೋಡಿದರೇನೋ ಅಂತ ಸುತ್ತ ನೋಡಿದಳು. ಮುಂದೆ ಎಷ್ಟೋ ದಿನ ಅವಳನ್ನು ಕಾಡಿದ್ದು ಮರಿಯ ಕಾಲಿಗಿಂತ ಹೆಚ್ಚು ಅದೇ, ತಾನು ಮೊದಲು ಸುತ್ತ ನೋಡಿದ್ದು.

ಸಂಜೆ ಬಸಂತರಾಯ ದೂರದಿಂದ ದುರ್ಬೀನಿನಲ್ಲಿ ನೋಡಿ, "ಮೂರ ಅದಾವಲ್ಲ ಕೌಸರ. ಇನ್ನೊಂದೆಲ್ಲಿ?" ಅಂದ.

"ಮಧ್ಯಾಹ್ನದಿಂದ ಕಾಣವಲ್ದ್ರಿ ಕಾಕಾ. ಯಾವ್ದೋ ಪ್ರಾಣಿ ತಿಂದಿರಬೇಕು."

ಅವನು ದುರ್ಬೀನು ಇಳಿಸಿದ. ಆಮೇಲೆ ಬೇವಿನ ಕೆಳಗೆ ಮಲಗಿದ್ದ ಲಾಲ್ಯಾನ ಕಡೆ ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಅಲ್ಲ ಕಾಕಾ, ನಾಯಿ ಅಲ್ಲ, ಅಂತ ಬಾಯಿಗೆ ಬಂದದ್ದು, ಹಾಗಾದರೆ ಯಾವುದು ಅಂತ ಕೇಳಿದರೆ ಏನು ಹೇಳುವುದು ಅನ್ನುವ ಲೆಕ್ಕಕ್ಕೆ ಸಿಕ್ಕು ಅಲ್ಲೇ ನಿಂತಿತು. ಮಾರನೆಯ ದಿನ ಬಂದಾಗ ಲಾಲ್ಯಾನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಿದ್ದರು. ದಿನವಿಡೀ ಕೂಗಿತು. ಹಕ್ಕಿ ಎದ್ದ ಹೊತ್ತು, ಕೂತ ಹೊತ್ತು ಬರೆಯುತ್ತ ಬರೆಯುತ್ತ ಅವಳು ಆ ಕೂಗನ್ನೂ ಕೇಳುತ್ತಿದ್ದಳು, ಅದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಮಧ್ಯಾಹ್ನ ರೊಟ್ಟಿಯ ಅಂಚು ಒಯ್ದು ಕೊಟ್ಟರೆ ಬಾಲ ಅಲ್ಲಾಡಿಸಿ ತಿಂದು, ಬಿಚ್ಚುತ್ತಾಳೇನೋ ಅಂತ ಮುಖ ನೋಡಿತು. ಹದಿನೆಂಟಕ್ಕೆ ಉಳಿದ ಮೂರೂ ತತ್ತಿ ಒಡೆದು ಮರಿಗಳು ಹೊರಬಂದು, ಅರ್ಧ ದಿನದಲ್ಲಿ ತಾಯಿಯ ಹಿಂದೆ ಓಡಾಡತೊಡಗಿದವು. ಫೋಟೋ ನೋಡಿದ ಮೇಡಂ, ಇಷ್ಟು ಅಚ್ಚುಕಟ್ಟಾದ ಕೆಲಸ ನಮ್ಮ ವಿಭಾಗದಲ್ಲಿ ಬಹಳ ದಿನದ ಮೇಲೆ ಕಂಡೆ, ಈ ವರ್ಷದ ಸಮ್ಮೇಳನಕ್ಕೆ ಇದನ್ನು ಕಳಿಸೋಣ ಅಂದರು. ಮರಿಗಳು ಹೊಲದಲ್ಲೇ ತಿರುಗುತ್ತವೆ, ನಾಯಿ ಬಿಚ್ಚುವ ಹಾಗಿಲ್ಲ ಅಂದ ಬಸಂತರಾಯ. ನಾಯಿ ಕಟ್ಟಿ ಎಂಟು ದಿನ ಆದ ಮೇಲೆ ಸಿದ್ದವ್ವನ ಅಕ್ಕ ದುರ್ಗವ್ವ ಮೋರಟಗಿಯಿಂದ ಬಂದವಳು ವಾಪಸು ಹೋಗುವಾಗ, ಅವಳು ಹತ್ತಿದ ಟಂಟಂ ಗಾಡಿಯಲ್ಲಿ ಲಾಲ್ಯಾನನ್ನು ಏರಿಸಿ ಕಳಿಸಿಕೊಟ್ಟ. ಕೌಸರ ಆ ಹೊತ್ತಿಗೆ ದುರ್ಬೀನು ಕಣ್ಣಿಗೆ ಹಚ್ಚಿಕೊಂಡು ಹೊಂಡದ ಕಡೆ ಮುಖ ಮಾಡಿ ಕೂತಿದ್ದಳು. ಹೊಂಡದಲ್ಲಿ ಏನೂ ಇರಲಿಲ್ಲ.

ಆಮೇಲೆ ಮಳೆ ಬಂತು, ಬಿತ್ತನೆ ಆಯಿತು, ಅವಳು ಮನೆಯಲ್ಲಿ ಕೂತು ವರದಿ ಬರೆದಳು. ವಿಚಿತ್ರ ಎಂದರೆ ಆ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ನಿಜವಾಗಿತ್ತು. ಆದರೂ ಬರೆಯುತ್ತ ಹೋದ ಹಾಗೆ ಆ ನಿಜಗಳೆಲ್ಲ ಅವಳ ಮುಖ ನೋಡದೆ ಕೂತವು. ಬಿಸಿಲಿನ ದಿನ ಹಕ್ಕಿ ಇಪ್ಪತ್ಮೂರು ಸಲ ನೀರಿಗೆ ಇಳಿದದ್ದು ನಿಜ, ಆದರೆ ಅದನ್ನು ಹೇಳುತ್ತಿರುವವಳು ಯಾರು? ಮೊನ್ನೆ ಅಂಗಡಿಯಲ್ಲಿ ಅಬ್ಬಾಗೆ ಚಹಾ ಕೊಡಲು ಹೋದಾಗ ಅವನು ತಾಮ್ರದ ತಂತಿ ಸುತ್ತುತ್ತಿದ್ದ. ಗಿರಾಕಿಯೊಬ್ಬ ಏನೋ ಕೇಳಿದ, ಅಬ್ಬಾನ ಎಣಿಕೆ ತಪ್ಪಿತು. ತಪ್ಪಿದ್ದು ಒಂದು ಸುತ್ತೋ ಎರಡೋ. ಮೋಟಾರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಅವನು ಸುತ್ತಿದ್ದನ್ನೆಲ್ಲ ಬಿಚ್ಚಿ ಒಂದರಿಂದ ಶುರು ಮಾಡಿದ. ಅದನ್ನು ಅವಳು ಚಿಕ್ಕಂದಿನಿಂದ ನೂರು ಸಲ ನೋಡಿದ್ದಳು. ಆ ದಿನ ನಿಲ್ಲಲಾಗಲಿಲ್ಲ, ಚಹಾದ ಲೋಟ ಅಲ್ಲೇ ಇಟ್ಟು ಬಂದುಬಿಟ್ಟಳು.

ಮಸೂತಿಯಲ್ಲಿ ಇಳಿದು ಹೊಲದ ಮನೆಗೆ ನಡೆದಾಗ ಎಂಟೂವರೆ. ಬಸಂತರಾಯ ಕಟ್ಟೆಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ. ಸಿದ್ದವ್ವ ಒಳಗಿನಿಂದಲೇ, "ಬಾರವ್ವ, ರೊಟ್ಟಿ ಬಡ್ಯಾಕತ್ತೇನಿ, ಕುಂದ್ರು" ಅಂದಳು. ಕೌಸರ ಕೂರಲಿಲ್ಲ. ನೀಲಿ ರಟ್ಟಿನ ವರದಿಯನ್ನು ಬಸಂತರಾಯನ ಕೈಗೆ ಕೊಟ್ಟಳು. ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು, ತಲೆಕೆಳಗಾಗಿ ಹಿಡಿದದ್ದನ್ನು ತಿರುಗಿಸಿ, ಒಂದೊಂದೇ ಹಾಳೆ ಮಗುಚಿ ಹಕ್ಕಿಯ ಫೋಟೋ ಬಂದಾಗ ನಕ್ಕ. ಅದರ ಹಿಂದಿನದೇ ಹದಿನೇಳನೆಯ ಪುಟ.

"ಕಾಕಾ, ಆ ತತ್ತಿ ಲಾಲ್ಯಾ ತಿಂದಿಲ್ರಿ. ನಾನ ಒಡದೆ."

ಅವನಿಗೆ ತಕ್ಷಣ ತಿಳಿಯಲಿಲ್ಲ. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಸೆಲ್ ಮರೆತದ್ದು, ಮೇಡಂಗೆ ಹೇಳಿದ ಸುಳ್ಳು, ಜಾರಿದ ಡಬ್ಬಿ, ಮಣ್ಣು ಎಳೆದದ್ದು. ಅವಸರದಲ್ಲಿ ಹೇಳಿ ಮುಗಿಸಿದಾಗ ಅದು ಎಷ್ಟು ಸಣ್ಣ ಸಂಗತಿಯಾಗಿತ್ತು ಅಂತ ಅವಳಿಗೇ ಆಶ್ಚರ್ಯವಾಯಿತು. ಇಷ್ಟನ್ನು ಆ ಸಂಜೆಯೇ ಹೇಳಬಹುದಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಸಿದ್ದವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

"ಎಂಟ ದಿನ ಒದರಿತಲ್ಲ ಅದು," ಅಂದಳು ಸಿದ್ದವ್ವ. ಗದರಿಸಲಿಲ್ಲ, ನೆನಪು ಮಾಡಿಕೊಳ್ಳುವಂತೆ ಅಂದಳು. "ಆಗ ನೀ ಇಲ್ಲೇ ಇದ್ದಿ."

"ಹೌದ್ರಿ."

ಬಸಂತರಾಯ ವರದಿಯನ್ನು ಮುಚ್ಚಿ ಕಟ್ಟೆಯ ಮೇಲೆ ಇಟ್ಟ. ಕುಡುಗೋಲು ಎತ್ತಿಕೊಂಡ, ಮತ್ತೆ ಕೆಳಗಿಟ್ಟ. "ನಾ ಅದಕ್ಕ ಹೊಡದೇನಿ," ಅಂದ. "ಆ ರಾತ್ರಿ ಅದನ್ನ ಕಟ್ಟಿಹಾಕುಮುಂದ. ಚಪ್ಪಲಿಲೆ ಹೊಡದೇನಿ."

ಇದು ಅವಳಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ತನ್ನ ತಪ್ಪಿನ ಉದ್ದಗಲ ಎಲ್ಲ ತನಗೆ ಗೊತ್ತು ಅಂದುಕೊಂಡು ಅದನ್ನು ಒಳಗೇ ತಿರುವಿ ತಿರುವಿ ನೋಡಿದ್ದಳು. ಅದಕ್ಕೆ ತಾನು ಕಾಣದ ಇನ್ನೊಂದು ಮಗ್ಗುಲಿತ್ತು, ಅದನ್ನು ಈ ಮನುಷ್ಯ ಹೊತ್ತುಕೊಂಡಿದ್ದ. ಅಳು ಬಂತು. ಈಗ ಅತ್ತರೆ ಇವರು ತನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ ಅನ್ನಿಸಿ, ಹಲ್ಲು ಕಚ್ಚಿ ಕೊಟ್ಟಿಗೆಯ ಕಂಬ ನೋಡುತ್ತ ನಿಂತಳು.

ಬಸಂತರಾಯ ಎದ್ದು ಒಳಗೆ ಹೋದ. ಹೊರಗೆ ಬಂದಾಗ ತೊಳೆದ ಅಂಗಿ ಹಾಕಿಕೊಂಡು, ತಲೆಗೆ ಟೋಪಿ ಇಟ್ಟುಕೊಂಡಿದ್ದ. ಕೈಚೀಲದಲ್ಲಿ ಒಂದು ಹಗ್ಗ. "ಮೋರಟಗಿಗಿ ಹೋಗಿ ಬರ್ತೇನಿ," ಅಂದ ಹೆಂಡತಿಗೆ. ಕೌಸರಳ ಕಡೆ ನೋಡದೆ, "ನೀನೂ ನಡಿ," ಅಂದ. ಸಿದ್ದವ್ವ ಒಳಗೆ ಹೋಗಿ ರೊಟ್ಟಿ ಕಟ್ಟಿ ತಂದಳು. ಗಂಟು ದೊಡ್ಡದಿತ್ತು. ಇಬ್ಬರಿಗೂ ಆಗುವಷ್ಟು.

ಮಸೂತಿಯಿಂದ ಬಾಗೇವಾಡಿ, ಬಾಗೇವಾಡಿಯಿಂದ ಹಿಪ್ಪರಗಿಯ ಮೇಲೆ ಸಿಂದಗಿ, ಸಿಂದಗಿಯಿಂದ ಮೋರಟಗಿ. ಮೂರು ಬಸ್ಸು. ಕಂಡಕ್ಟರು ಕೌಸರಳ ಆಧಾರ್ ಕಾರ್ಡು ನೋಡಿ ಹೆಣ್ಣುಮಕ್ಕಳ ಪುಕ್ಕಟೆ ಚೀಟಿ ಹರಿದುಕೊಟ್ಟು, "ಮಗಳೇನ್ರಿ?" ಅಂತ ಬಸಂತರಾಯನನ್ನು ಕೇಳಿದ. ಅವನು ಒಂದು ಗಳಿಗೆ ತಡೆದು "ಹೂಂ" ಅಂದ. ಹೂಂ ಅನ್ನುವುದು ಉದ್ದ ಉತ್ತರಕ್ಕಿಂತ ಸುಲಭ, ಅಷ್ಟಕ್ಕೇ ಇರಬೇಕು ಅಂತ ಅವಳು ತನಗೆ ಹೇಳಿಕೊಂಡಳು. ಆದರೂ ಆ ಹೂಂ ಕಿವಿಯಲ್ಲಿ ಉಳಿಯಿತು. ಹೊರಗೆ ಎರೆ ಹೊಲಗಳು ಒಂದೇ ಸಮ ಹಾಯುತ್ತಿದ್ದವು. ಎಲ್ಲೋ ಒಂದು ಕಡೆ ಬದುವಿನ ಮೇಲೆ ಟಿಟ್ವಿಯೊಂದು ನಾಲ್ಕು ಹೆಜ್ಜೆ ಓಡಿ ನಿಂತಿತು. ಅಭ್ಯಾಸಬಲದಿಂದ ಅವಳ ಕೈ ಮಣಿಕಟ್ಟಿನ ಗಡಿಯಾರಕ್ಕೆ ಹೋಯಿತು. ಆ ಎರಡು ತಿಂಗಳಲ್ಲಿ ತನಗೆ ಸಿಕ್ಕದ್ದು ಇದೊಂದೇ ಇರಬಹುದು, ಸುಮ್ಮನೆ ಕೂತು ಇನ್ನೊಂದು ಜೀವ ಏನು ಮಾಡುತ್ತದೆ ಅಂತ ನೋಡುವುದು, ತನ್ನನ್ನು ಮರೆತು ನೋಡುವುದು. ತನ್ನನ್ನು ಮರೆತಿದ್ದ ಹೊತ್ತೆಲ್ಲ ಅವಳು ಸರಿಯಾಗಿಯೇ ಇದ್ದಳು. ಮೇಡಂ ಕಣ್ಣಲ್ಲಿ ತಾನು ಹೇಗೆ ಕಾಣುತ್ತೇನೆ ಅಂತ ನೆನಪಾದ ಆ ಒಂದು ಮಧ್ಯಾಹ್ನ ಕೈ ಜಾರಿತು.

ಮೋರಟಗಿಯಲ್ಲಿ ದುರ್ಗವ್ವನ ಮನೆ ಗಿರಣಿಯ ಹಿಂದಿನ ಓಣಿಯಲ್ಲಿ. ಅವರು ಓಣಿ ತಿರುಗುವ ಮೊದಲೇ ಲಾಲ್ಯಾಗೆ ವಾಸನೆ ಬಡಿದಿರಬೇಕು, ಓಡಿ ಬಂತು. ಬಂದದ್ದು ಬಸಂತರಾಯನ ಕಾಲ ಹತ್ತಿರ ನಿಂತು, ಒಮ್ಮೆ ಅವನ ಕೈ ಮೂಸಿ, ಆಮೇಲೆ ಮೈಯೆಲ್ಲ ಬಾಲವಾಗಿ ಅವನ ಮೊಳಕಾಲಿನ ಮೇಲೆ ಹತ್ತಿತು. ಟೋಪಿ ಬಿತ್ತು. ಅವನು ಓಣಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಅದರ ಮಡಚಿದ ಕಿವಿ ಹಿಡಿದುಕೊಂಡು, ಬೇರೆ ಯಾರಿಗೂ ಕೇಳಬಾರದು ಅನ್ನುವಷ್ಟು ಸಣ್ಣ ದನಿಯಲ್ಲಿ, "ನೀ ತಿಂದಿಲ್ಲಂತಲ್ಲೊ," ಅಂದ. ನಾಯಿ ಅವನ ಗಲ್ಲ ನೆಕ್ಕಿತು. ಆಮೇಲೆ ಕೌಸರಳ ಹತ್ತಿರ ಬಂದು ಅವಳ ಚೀಲ ಮೂಸಿ, ಅದೇ ಬಾಲವನ್ನು ಅಷ್ಟೇ ಜೋರಾಗಿ ಅಲ್ಲಾಡಿಸಿತು. ಅದು ಅವಳ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ಚಲೋ ಇತ್ತು. ರೊಟ್ಟಿಯ ಅಂಚು ಕೊಟ್ಟ ಕೈ ಅಂತಷ್ಟೇ ಅದಕ್ಕೆ ಗೊತ್ತು.

ದುರ್ಗವ್ವ ಎಪ್ಪತ್ತು ದಾಟಿದವಳು, ಕಣ್ಣು ಮಂಜು. ಬಾಗಿಲ ಚೌಕಟ್ಟು ಹಿಡಿದು ನಿಂತು, ದನಿಯಿಂದ ಗುರುತು ಹಿಡಿದು ಒಳಗೆ ಕರೆದಳು. ನೀರು ಕೊಟ್ಟು, ಎದುರಿಗೆ ಕೂತ ಮೇಲೆ ಅವಳ ಕೈ ತಾನಾಗಿ ಪಕ್ಕಕ್ಕೆ ಚಾಚಿತು. ಲಾಲ್ಯಾ ಬಂದು ಆ ಕೈಯ ಕೆಳಗೆ ತನ್ನ ತಲೆ ಇಟ್ಟು ಮಲಗಿತು. ಅದನ್ನು ಬಸಂತರಾಯ ನೋಡಿದ.

"ಮುಂಜಾನೆ ಗಿರಣಿಗಿ ಹೋಗಬೇಕಾದ್ರ ನನ್ನ ಮುಂದ ಮುಂದ ಹೋಗ್ತೈತಿ ನೋಡು," ಅಂದಳು ದುರ್ಗವ್ವ. "ಗಾಡಿ ಬಂದ್ರ ಅಡ್ಡ ನಿಂದರ್ತೈತಿ. ನಾ ಯಾರಿಗಿ ಕೈ ಹಿಡೀರಿ ಅನ್ನೂದ ಬಿಟ್ಟೇನಿ." ನಾಯಿಯ ತಲೆ ಸವರುತ್ತ, "ಒಯ್ಯಾಕ ಬಂದೀಯೇನು?" ಅಂದಳು.

ಬಸಂತರಾಯ ಕೈಚೀಲವನ್ನು ಹಿಂದಕ್ಕೆ ಸರಿಸಿದ. "ಇಲ್ಲಬೇ. ನೋಡಿ ಹೋಗೂಣಂತ ಬಂದೆ."

ಯಾಕೆ ಬಂದೆವು ಅಂತ ಅವನು ಹೇಳಲಿಲ್ಲ. ಹೇಳುವುದೂ ಇಲ್ಲ ಅಂತ ಕೌಸರಳಿಗೆ ತಿಳಿಯಿತು. ತನ್ನ ಹೆಸರು ತೆಗೆಯದೆ ಎದ್ದು ಹೋಗಿಬಿಡುತ್ತಾನೆ. ಆ ದೊಡ್ಡತನದ ಕೆಳಗೆ ಅಡಗಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅವಳೇ ಹೇಳಿದಳು. ಎರಡನೆಯ ಸಲ ಹೇಳುವಾಗ ನೆಪಗಳೆಲ್ಲ ಉದುರಿ ಮಾತು ಗಿಡ್ಡವಾಗಿತ್ತು. ತತ್ತಿ ನನ್ನ ಕೈಲೆ ಒಡೀತ್ರಿ, ನಾಯಿ ಮ್ಯಾಲೆ ಹಾಕಿದೆ.

ದುರ್ಗವ್ವ ತಲೆ ವಾಲಿಸಿ ಕೇಳಿದಳು. ಆಮೇಲೆ ಅವಳ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾಳೆ ಅಂತ ಕೌಸರ ಎದ್ದುನಿಂತಳು. ಮುದುಕಿ ನಗುತ್ತಿದ್ದಳು. "ಅಯ್ಯ ನನ್ನವ್ವ. ತತ್ತಿ ತಿನ್ನೂ ನಾಯಿ ಅಂತ ಹೇಳಿ ಕೊಟ್ಟಿದ್ರಲ್ಲ, ಎರಡ ತಿಂಗಳಾತು, ನಾ ಕೋಳಿ ಎಲ್ಲಾ ಬುಟ್ಟಿಯಾಗ ಮುಚ್ಚಿಟ್ಟ ಕುಂತೇನಿ. ಮುಂಜಾನೆ ಒಂದ ತಾಸು ಇದನ್ನ ಕಟ್ಟಿ ಅವುನ್ನ ಬಿಡೂದು, ಅವುನ್ನ ಮುಚ್ಚಿ ಇದನ್ನ ಬಿಡೂದು. ಇದ ಕೆಲಸಾಗೈತಿ ನನಗ."

ಅವಳು ಗೋಡೆ ಹಿಡಿದು ಎದ್ದು ಹಿತ್ತಲಿಗೆ ಹೋದಳು. ಅವರೂ ಹಿಂದೆ ಹೋದರು. ಮೂಲೆಯಲ್ಲಿ ಮಗುಚಿಟ್ಟ ದೊಡ್ಡ ಬುಟ್ಟಿ, ಮೇಲೊಂದು ಕಲ್ಲು. ಕೌಸರ ಕಲ್ಲು ಇಳಿಸಿದಳು, ದುರ್ಗವ್ವ ಬುಟ್ಟಿ ಎತ್ತಿದಳು. ನಾಲ್ಕು ಕೋಳಿ ಹೊರಗೆ ಬಂದು, ಬೆಳಕಿಗೆ ಕಣ್ಣು ಪಿಳುಕಿಸಿ, ರೆಕ್ಕೆ ಕೊಡವಿದವು. ಬುಟ್ಟಿಯ ಕೆಳಗೆ ಹೊಟ್ಟಿನ ಮೇಲೆ ಎರಡು ತತ್ತಿ ಇದ್ದವು. ಮೂವರೂ ಲಾಲ್ಯಾನನ್ನು ನೋಡಿದರು. ಲಾಲ್ಯಾ ಹೋಗಿ ತತ್ತಿಗಳನ್ನು ಮೂಸಿತು. ನಾಯಿ ಸೀನಿತು. ಆಮೇಲೆ ಮಗ್ಗುಲಿನ ಗೋಡೆಯ ನೆರಳಿನಲ್ಲಿ ಎರಡು ಸುತ್ತು ಹಾಕಿ ಮಲಗಿಬಿಟ್ಟಿತು. ಒಂದು ಕೋಳಿ ಅದರ ಬಾಲದ ಹತ್ತಿರವೇ ಮಣ್ಣು ಕೆದರತೊಡಗಿತು.

ಸಿದ್ದವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಅಲ್ಲೇ ಹಿತ್ತಲಲ್ಲಿ ಕೂತು ತಿಂದರು. ಹೊರಡುವಾಗ ಲಾಲ್ಯಾ ಓಣಿಯ ತಿರುವಿನವರೆಗೆ ಬಂತು, ಬಸ್ಸಿನ ರಸ್ತೆ ಕಂಡಾಗ ನಿಂತಿತು. ಬಸಂತರಾಯ ತಿರುಗಿ ನೋಡಿದ. ಅದು ಅವನನ್ನೂ ನೋಡಿ, ಹಿಂದೆ ಬಾಗಿಲಲ್ಲಿ ನಿಂತಿದ್ದ ಮುದುಕಿಯನ್ನೂ ನೋಡಿ, ಕುಂಡಿ ಊರಿ ಕೂತಿತು. "ಇರ್ಲಿ ಬಿಡು," ಅಂದ ಅವನು. ನಾಯಿಗೋ ತನಗೋ ಹೇಳಿದ.

ಸಿಂದಗಿ ಸ್ಟ್ಯಾಂಡಿನಲ್ಲಿ ಬಾಗೇವಾಡಿಯ ಬಸ್ಸಿಗೆ ಅರ್ಧ ತಾಸು ಕಾಯಬೇಕಿತ್ತು. ಕೌಸರ ಕಂಬದ ಮರೆಗೆ ಹೋಗಿ ಮೇಡಂಗೆ ಫೋನು ಹಚ್ಚಿದಳು. ಮೂರನೆಯ ಸಲ ಹೇಳಿದಳು. ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು. "ಎರಡನೇ ಗೂಡಿನ ಅಂಕಿ ಎಲ್ಲ ತೆಗಿ," ಅಂದರು ಮೇಡಂ. "ಉಳಿದ ಎರಡು ಗೂಡಿನಿಂದ ಏನೂ ಹೇಳೋಕಾಗಲ್ಲ. ಸಮ್ಮೇಳನಕ್ಕೆ ಕಳಿಸೋದು ಬೇಡ." ಅವರ ದನಿಯಲ್ಲಿ ಸಿಟ್ಟಿಗಿಂತ ಆಯಾಸ ಇತ್ತು. ಅದು ಸಿಟ್ಟಿಗಿಂತ ಕಷ್ಟವಾಗಿತ್ತು. ಹೂಂ ಮೇಡಂ ಅಂದಳು. "ಆ ಮೊಟ್ಟೆ ಹೇಗೆ ಒಡೀತು ಅನ್ನೋದನ್ನ ಇದ್ದ ಹಾಗೆ ಬರಿ. ನೀನೇ ಅಂತ ಬರಿ. ವರದಿ ಸೋಮವಾರ ಬೇಡ, ಗುರುವಾರ ತಾ." ಫೋನು ಇಡುತ್ತಾರೆ ಅಂದುಕೊಂಡಳು. "ಕೌಸರ, ನಾನು ಆ ದಿನ ಹನ್ನೆರಡು ಗಂಟೆಗೆ ಫೋನ್ ಮಾಡಿ ಕೇಳಬಾರದಿತ್ತು," ಅಂದು ಇಟ್ಟರು.

ಬಸ್ಸಿನಲ್ಲಿ ಬಸಂತರಾಯ ಕಿಟಕಿಯ ಕಡೆ ಕೂತ. ಸಂಜೆಯ ಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ಹಿಪ್ಪರಗಿ ದಾಟಿತು. ಆಮೇಲೆ, ಹೊರಗೆ ನೋಡುತ್ತಲೇ, "ಆ ತತ್ತಿ ಒಡೆದ ಮ್ಯಾಲೆ ಹಕ್ಕಿ ಏನ ಮಾಡ್ತು?" ಅಂತ ಕೇಳಿದ.

"ಮ್ಯಾಲೆ ತಿರಗತಿತ್ರಿ, ಒದರ್ಕೋತ. ನಾ ಬಂದು ಬೇವಿನ ಕೆಳಗ ಕುಂತೆ. ಆಮ್ಯಾಲ ಅದು ಹೊಂಡಕ್ಕ ಹೋತು, ಹೊಟ್ಟಿ ತೋಯಿಸ್ಕೊಂಡು ಬಂತು. ಗೂಡಿನ ಸುತ್ತ ಒಮ್ಮಿ ತಿರುಗಿ ನೋಡ್ತು. ಉಳಿದ ಮೂರರ ಮ್ಯಾಲೆ ಕುಂತಿತ್ರಿ."

"ಎಷ್ಟ ಹೊತ್ತಿಗಿ ಬಂತು ಹೊಳ್ಳಿ?"

ಅದನ್ನು ಅವಳು ಬರೆದಿಟ್ಟಿದ್ದಳು. ಕೈಯಲ್ಲಿ ಇನ್ನೂ ಮಣ್ಣಿದ್ದಾಗ, ಬೇರೆ ಏನು ಮಾಡಬೇಕು ಅಂತ ತಿಳಿಯದೆ, ಗಡಿಯಾರ ನೋಡಿ ಬರೆದಿದ್ದಳು.

"ಹನ್ನೊಂದು ನಿಮಿಷಕ್ರಿ."

"ಹನ್ನೊಂದು ನಿಮಿಷ," ಅಂದ ಬಸಂತರಾಯ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಅದಕ್ಕೆ ಹತ್ತಿದ್ದ ಮೋರಟಗಿಯ ಧೂಳನ್ನು ಬೆರಳಿನಿಂದ ಹಗುರಾಗಿ ಕೊಡವಿದ. "ನನಗ ಹೊಳ್ಳಿ ಬರಾಕ ಅದಕ್ಕಿಂತ ಒಂದೀಟ ಹೆಚ್ಚ ಹೊತ್ತ ಹಿಡಿತೈತಿ ನೋಡವ್ವ."

"ಹೂಂನ್ರಿ ಕಾಕಾ," ಅಂದಳು ಕೌಸರ.